ಚಮಚದ ಸದ್ದು

ನಾನು ಮಾದಾಪುರದ ಆಫೀಸೊಂದರಲ್ಲಿ ಸದ್ದು ಅಳಿಸುವ ಕೆಲಸ ಮಾಡುತ್ತೇನೆ. ಫೋನಿನಲ್ಲಿ ಮಾತಾಡುವವರ ಹಿಂದೆ ಕೇಳುವ ಹಾರ್ನು, ಕುಕ್ಕರಿನ ಸೀಟಿ, ಮಗುವಿನ ಅಳು ಎಲ್ಲವನ್ನೂ ತೆಗೆದು ಮಾತೊಂದನ್ನೇ ಉಳಿಸುವ ಸಾಫ್ಟ್‌ವೇರು ನಮ್ಮದು. ಆ ಜಾಣತನವನ್ನು ಮನೆಯಲ್ಲೂ ತೋರಿಸಹೋದೆ.

ಅಪ್ಪ ಧಾರವಾಡದ ಕಡೆಯವರು, ಇಲ್ಲಿನ ರಕ್ಷಣಾ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಮದುವೆಗೆ ಮುಂಚೆ ತರಬೇತಿಗೆಂದು ರಷ್ಯಾಕ್ಕೆ ಹೋದಾಗ ಒಂದು ಕ್ಯಾಸೆಟ್ ತಂದಿದ್ದರು. ಅದರಲ್ಲಿ ಗಿಟಾರು ಬಾರಿಸುತ್ತ ಹಾಡುವವನು ಅಲ್ಲಿನ ನಾಟಕ, ಸಿನಿಮಾಗಳಲ್ಲೂ ಹೆಸರಾದ ನಟ. ಹಾಡುಗಳನ್ನು ತಾನೇ ಕಟ್ಟುತ್ತಿದ್ದ.

"ಅವನ ಹಾಡು ಅಂಗಡ್ಯಾಗ ಸಿಗೋದು ಭಾಳ ಕಡಿಮಿ ಇತ್ತವ್ವಾ. ಮಂದಿ ಒಬ್ಬರ ಟೇಪಿನಿಂದ ಒಬ್ಬರು ಇಳಿಸಿಕೋತಿದ್ರು. ಸೈನಿಕರದು, ಜೈಲಿನವರದು, ಲಾರಿ ಡ್ರೈವರಂದು, ಎಲ್ಲಾರ ಮಾತೂ ಹಾಡತಿದ್ದ," ಎನ್ನುತ್ತಿದ್ದರು ಅಪ್ಪ. ಅವನು ಸತ್ತಾಗ ಜನ ಬೀದಿ ತುಂಬ ನಿಂತು ಅತ್ತರಂತೆ. ಅವ್ವನಿಗೆ ಮಾತ್ರ ಆ ಒಡಕು ದನಿ ಆಗಿಬರುತ್ತಿರಲಿಲ್ಲ. "ಅವಗ ಮೊದಲ ಒಂದ್ ಲೋಟ ಶುಂಠಿ ಕಷಾಯ ಕೊಡ್ರಿ," ಎನ್ನುತ್ತಿದ್ದಳು.

ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯತೊಡಗಿತ್ತು. ಅಪ್ಪನ ಹುಟ್ಟುಹಬ್ಬಕ್ಕೆಂದು ಅದನ್ನು ಗುಟ್ಟಾಗಿ ಒಯ್ದು, ಕಂಪ್ಯೂಟರಿಗೆ ಇಳಿಸಿ, ಹಾಡಿನ ಹಿಂದಿನ ಗದ್ದಲವನ್ನೆಲ್ಲ ತೊಳೆದು ತೆಗೆದೆ. ಚಿಕ್ಕಂದಿನಿಂದ ಕೇಳಿದ್ದರೂ ಆ ಗದ್ದಲಕ್ಕೆ ಒಮ್ಮೆಯೂ ಕಿವಿಗೊಟ್ಟಿರಲಿಲ್ಲ. ಸ್ವಚ್ಛವಾದದ್ದು ಇರುವಾಗ ಮೊದಲು ಇಳಿಸಿದ ಕೊಳಕು ಪ್ರತಿ ಯಾಕೆ ಎಂದು ಅದನ್ನೂ ಅಳಿಸಿದೆ. ಕ್ಯಾಸೆಟ್ಟನ್ನು ಹಳೇ ಟೇಪ್‌ರೆಕಾರ್ಡರಿನ ಜೊತೆ ಗುಜರಿಯವನಿಗೆ ಹಾಕಿದೆ.

ಮಿಯಾಪುರದ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕೂತು ಅಪ್ಪ ಇಯರ್‌ಫೋನಿನಲ್ಲಿ ಕೇಳಿದರು. ಮೂರನೆಯ ಹಾಡಿಗೆ ಅದನ್ನು ತೆಗೆದಿಟ್ಟರು.

"ಅಂವ ಎಲ್ಲಿ ಹ್ವಾದ?"

"ಯಾರ್ರಿ ಅಪ್ಪಾ?"

"ಚಾದಾಗ ಚಮಚಾ ತಿರಗಸಾಂವ. ನನ್ನ ರಷ್ಯಾದ ದೋಸ್ತ. ಅವನ ಅಡಗಿಮನ್ಯಾಗ, ಅವನ ಟೇಪಿನ ಮುಂದ ಮೈಕ್ ಇಟ್ಟು ಇಳಿಸಿದ್ವಿ. ನಾನೂ ಹಿಂದ ಹಾಡೀನಲ್ಲ, ನಾ ಎಲ್ಲಿ ಹ್ವಾದೆ?"

ಮಾಡಿದ್ದನ್ನೆಲ್ಲ ಹೇಳಿದೆ. ಮರುದಿನ ಗುಜರಿಯವನನ್ನು ಹುಡುಕಿಕೊಂಡು ಲಿಂಗಂಪಲ್ಲಿಯವರೆಗೂ ಅಲೆದೆ, ಕ್ಯಾಸೆಟ್ಟು ಸಿಗಲಿಲ್ಲ. ಆ ದೋಸ್ತನ ಒಂದು ಫೋಟೊ ಕೂಡ ಅಪ್ಪನ ಬಳಿ ಇಲ್ಲ. ಇದ್ದದ್ದು ಆ ಗದ್ದಲದೊಳಗಿನ ಅವನ ನಗು, ಅವನ ಚಮಚ, ಪಕ್ಕದಲ್ಲಿ ಅಪ್ಪನ ಹರೆಯದ ದನಿ. ಎಲ್ಲವನ್ನೂ ನಾನೇ ಕೈಯಾರೆ ಹಾಳುಮಾಡಿದ್ದೆ.

"ಇರಲಿ ಬಿಡವ್ವಾ, ಹಾಡು ಛಂದ ಕೇಳಸ್ತೈತಿ," ಎಂದರು ಅಪ್ಪ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಈಗ ದಿನಾ ಸಂಜೆ ಅವರು ಆ ಹಾಡುಗಳನ್ನು ಹಚ್ಚುತ್ತಾರೆ. ಸ್ಟೀಲಿನ ಲೋಟ ಬೇಡ, ಚಹಾ ಗಾಜಿನದರಲ್ಲೇ ಆಗಬೇಕು. ಹಾಡಿನ ನಡುವೆ ಕೆಲವು ಜಾಗದಲ್ಲಿ ಮಾತ್ರ, ಕಾದಿದ್ದು, ಚಮಚ ತಿರುಗಿಸುತ್ತಾರೆ.

ಅವರಿಗೆ ಸಕ್ಕರೆ ಕಾಯಿಲೆ. "ಸಕ್ಕರಿ ಹಾಕೇ ಇಲ್ಲ, ಏನ್ ತಿರಗಸಾಕತ್ತೀರಿ?" ಎಂದು ಅವ್ವ ಒಳಗಿಂದ ಕೇಳುತ್ತಾಳೆ. ಅಪ್ಪ ಚಮಚ ಎತ್ತಿ ಹಿಡಿದು ಹಾಡಿನ ಮುಂದಿನ ಜಾಗಕ್ಕೆ ಕಾಯುತ್ತಾರೆ.