ಮಶೀನ್ ಹೌಸಿನಲ್ಲಿ ಕಲಿತ ಭಾಷಣ

ನಮ್ಮ ಪಾಳಿಯ ಚಾಚಾ ನಿವೃತ್ತರಾಗುವ ತಿಂಗಳು ನನಗೆ ಊಟ ಸೇರುತ್ತಿರಲಿಲ್ಲ. ಅವರು ಹೋಗುತ್ತಾರಲ್ಲ ಎಂಬ ಸಂಕಟ ಇದ್ದದ್ದು ಹೌದು. ಅದಕ್ಕಿಂತ ದೊಡ್ಡ ಸಂಕಟವೆಂದರೆ, ಬೀಳ್ಕೊಡುಗೆಯ ದಿನ ನಾನು ಭಾಷಣ ಮಾಡಬೇಕಿತ್ತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ದಾಂಡೇಲಿಯಲ್ಲಿ ಕಾಗದ ಮಾಡುವ ಯಂತ್ರದ ಮುಂದೆ ನನ್ನ ಕೆಲಸ. ಆ ಮಶೀನ್ ಹೌಸಿನ ಗದ್ದಲದೊಳಗೆ ಮಾತು ನಡೆಯುವುದಿಲ್ಲ. ಪಕ್ಕದವನ ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಅವನು ‘ಆಂ?’ ಎನ್ನುತ್ತಾನೆ. ಹಾಗಾಗಿ ಎಲ್ಲವೂ ಕೈಸನ್ನೆ. ಎರಡು ಮುಷ್ಟಿ ಜೋಡಿಸಿ ಫಟ್ಟನೆ ಬಿಡಿಸಿದರೆ ಹಾಳೆ ಹರಿಯಿತು ಎಂದು. ಕೊರಳಲ್ಲಿ ಇಲ್ಲದ ಟೈ ಸರಿಮಾಡಿಕೊಂಡರೆ ಸಾಹೇಬರು ಬಂದರು. ಹೆಬ್ಬೆರಳು ತುಟಿಗೆ ಹೋದರೆ ಚಹಾ. ಎದೆಯ ಮುಂದೆ ದೊಡ್ಡ ಸೊನ್ನೆ ಬರೆದು ಅಂಗೈಯಿಂದ ಕಡಿದರೆ, ಕಾಗದ ಸುತ್ತುವ ರೀಲು ತುಂಬಿದೆ, ಕತ್ತರಿಸು. ಈ ಭಾಷೆಯನ್ನು ನನಗೆ ಕಲಿಸಿದವರೇ ಚಾಚಾ.

ಅವರ ಕಿವಿ ಆಗಲೇ ಮಂದವಾಗಿತ್ತು. ಒಂದು ದಿನ ಗೇಟಿನ ಹೊರಗೆ ನನ್ನ ಸೈಕಲ್ ಹಿಡಿದು ನಿಲ್ಲಿಸಿ, ಇಡೀ ಪಾಳಿಗೆ ಕೇಳುವಂತೆ ಹೇಳಿದರು: “ಆಫೀಸಿನವರು ಏನೇನೋ ಮಾತಾಡ್ತಾರ, ನನಗೇನೂ ಕೇಳಸೂದಿಲ್ಲ. ನೀ ಮಾತಾಡು ಬೇಟಾ. ನಿನ್ನ ತುಟಿ ನನಗ ಓದಾಕ ಬರತೈತಿ. ಹಳಿಯಾಳಕ್ಕ ಹೋಗಿ ಮನ್ಯಾಗ ಕುಂದ್ರೂಕಿಂತ ಮೊದಲ ಅದೊಂದು ಆಸೆ ಐತಿ ನೋಡು.”

ನಾನು ಒಲ್ಲೆ ಎಂದೆ. ನನ್ನ ತುಟಿ ಓದಬಲ್ಲವರಿಗೆ ಅದೊಂದು ಮಾತು ಮಾತ್ರ ಓದಲು ಬರಲಿಲ್ಲ.

ನನ್ನ ಧೈರ್ಯದ ಬಗ್ಗೆ ಹೇಳುವುದಾದರೆ, ಶಾಲೆಯಲ್ಲಿ ಹಾಜರಿ ಕರೆದಾಗ ನನ್ನ ಪರವಾಗಿ ಪಕ್ಕದ ಹುಡುಗನೇ ‘ಎಸ್ ಸರ್’ ಅನ್ನುತ್ತಿದ್ದ. ಆದರೂ ಅಂದು ಸಂಜೆ ಮನೆಯಲ್ಲಿ, ನೀರಿನ ಹಂಡೆಯ ಮುಂದೆ ನಿಂತು “ಮಾನ್ಯ ಅಧ್ಯಕ್ಷರೇ” ಎಂದೆ. ಗೋಡೆಯಾಚೆಯವರ ಕೆಮ್ಮು ಕೇಳುವಂಥ ಕ್ವಾರ್ಟರ್ಸು. ಹಾಗಾಗಿ ಪಿಸುಮಾತಿನಲ್ಲೇ ಎಂದೆ. ಅಕ್ಕಿ ಆರಿಸುತ್ತಿದ್ದ ಹೆಂಡತಿ ತಲೆ ಎತ್ತದೆಯೇ ಅಂದಳು:

“ನನ್ನ ನೋಡಾಕ ಬಂದಾಗೂ ಹಿಂಗ ಚಾಪಿ ನೋಡ್ಕೊಂತ ಕುಂತಿದ್ರಿ. ಹುಡುಗಗ ಮಾತು ಬರತಾವಿಲ್ಲೋ ಅಂತ ನಮ್ಮಪ್ಪ ನಿಮ್ಮ ಕಾಕಾನ್ನ ಕೇಳಿದ್ದ.”

“ಕಾಕಾ ಏನಂದ?”

“ಮದ್ವಿ ಆದಮ್ಯಾಲೆ ಬರತಾವ ಅಂದ. ನಾ ಇನ್ನೂ ಹಾದಿ ನೋಡಾಕತ್ತೇನಿ.”

ಮರುದಿನ ಯಂತ್ರದ ಮುಂದೆ ನಿಂತಾಗ ಹೊಳೆಯಿತು: ಇಲ್ಲಿ ಎಷ್ಟು ಅರಚಿದರೂ ಯಾರಿಗೂ ಕೇಳುವುದಿಲ್ಲ! ಅವತ್ತಿನಿಂದ ರೀಲು ಸುತ್ತುತ್ತಿರುವಾಗ ನಾನು ಭಾಷಣ ಹೊಡೆಯತೊಡಗಿದೆ. ಕೈ ಎತ್ತಿದೆ, ಕೈ ಇಳಿಸಿದೆ, ಗದ್ಗದಿತನಾಗಬೇಕಾದಲ್ಲಿ ಗದ್ಗದಿತನಾದೆ. ಎದುರಿಗಿದ್ದ ನನ್ನ ಜೊತೆಗಾರ ಹಣೆಯ ಬಳಿ ಬೆರಳು ತಿರುಗಿಸಿ ಹುಚ್ಚು ಹಿಡಿಯಿತೇ ಎಂದು ಕೇಳಿದ. ಕೆಲವೇ ದಿನಗಳಲ್ಲಿ ನಾನು ಹುಲಿಯಾಗಿದ್ದೆ. ಒಂದೇ ಒಂದು ವಿಷಯ ತಲೆಗೆ ಹೋಗಿರಲಿಲ್ಲ. ಆ ಭಾಷಣ ಯಾರಿಗೂ ಕೇಳಿಸಿರಲಿಲ್ಲ ಎಂದರೆ, ನನಗೂ ಕೇಳಿಸಿರಲಿಲ್ಲ.

ಬೀಳ್ಕೊಡುಗೆಯ ಸಂಜೆ ಸಭಾಗೃಹ ತುಂಬಿತ್ತು. ಮುಂದೆ ಸಾಹೇಬರು, ಆಚೆ ಬದಿಗೆ ಮನೆಯವರು, ಹಿಂದಿನ ಬೆಂಚುಗಳಲ್ಲಿ ನಮ್ಮ ಪಾಳಿ. ಆಫೀಸಿನವರೊಬ್ಬರು ಮಾತಾಡುವಷ್ಟು ಹೊತ್ತೂ ಚಾಚಾ ವೇದಿಕೆಯ ಮೇಲೆ ಹಾರ ಹಾಕಿಕೊಂಡು ಫ್ಯಾನು ನೋಡುತ್ತಿದ್ದರು. ಎಲ್ಲರೂ ಚಪ್ಪಾಳೆ ಹೊಡೆದಾಗ ತಾವೂ ಹೊಡೆದರು. ಆಮೇಲೆ ಮೈಕಿನಲ್ಲಿ ನನ್ನ ಹೆಸರು ಕೂಗಿದರು.

“ಮಾನ್ಯ” ಎಂದೆ. ಮಶೀನ್ ಹೌಸಿನ ಗಂಟಲು! ಮೈಕು ಕೀರೆಂದಿತು. ಯಾರದೋ ಕಂಕುಳಿನ ಕೂಸು ಚಿಟ್ಟನೆ ಚೀರಿತು. ಗಾಬರಿಯಾಗಿ ದನಿ ತಗ್ಗಿಸಿ “ಅಧ್ಯಕ್ಷರೇ” ಎಂದೆ. ಸೋರುವ ನಳದಂಥ ಒಂದು ದನಿ ನಾಲ್ಕೂ ಗೋಡೆಗೆ ಹೋಗಿ ಬಂತು. ಇಷ್ಟು ದಿನ ಹುಲಿ ಎಂದುಕೊಂಡದ್ದು ಇದೇ ಎಂದು ತಿಳಿದಾಗ ಮುಂದಿನ ಮಾತು ಮರೆತೇ ಹೋಯಿತು. ಚಾಚಾ ಮುಂದಕ್ಕೆ ಬಾಗಿ ನನ್ನ ತುಟಿಯನ್ನೇ ನೋಡುತ್ತಿದ್ದರು. ತುಟಿ ಅಲ್ಲಾಡಲಿಲ್ಲ.

ಅವರ ಮುಖ ನೋಡುತ್ತಿದ್ದಂತೆ ನನ್ನ ಕೈ ತಾನಾಗಿಯೇ ಮೇಲೆದ್ದಿತು. ಎರಡು ಮುಷ್ಟಿ, ಫಟ್.

ಹಿಂದಿನ ಬೆಂಚುಗಳು ಗೊಳ್ಳೆಂದವು. ಚಾಚಾ ನೆಟ್ಟಗೆ ಕೂತರು. ಸಾಹೇಬರಿಗೂ ಹೆಂಗಸರಿಗೂ ಏನೂ ತಿಳಿಯಲಿಲ್ಲ. ಆಗ ನನ್ನ ಜೊತೆಗಾರ ಎದ್ದು ನಿಂತು, “ಹಾಳಿ ಹರೀತು ಅಂತಾನ್ರಿ!” ಎಂದು ಸಾರಿದ. ನಾನು ಬೆರಳುಗಳನ್ನು ನಡುಗಿಸಿ ತೋರಿಸಿದೆ. “ಇವಂಗ ಥಂಡಿಜ್ವರ ಬಂತಂತ್ರಿ!” ಚಾಚಾನತ್ತ ತೋರಿಸಿ ಹೆಬ್ಬೆರಳನ್ನು ತುಟಿಗೆ ಒಯ್ದೆ.

“ಚಾಚಾ ಹಾಳಿ ಬಿಟ್ಟು ಚಾ ಕುಡ್ಯಾಕ ಹೋದರಂತ!”

ಸಭೆಗೆ ಸಭೆಯೇ ನಕ್ಕಿತು. ಸಾಹೇಬರೂ ನಕ್ಕರು. ಅದನ್ನು ಕಂಡು ನನ್ನ ಮೈ ಉರಿಯಿತು. ಜೊತೆಗಾರನತ್ತ ತಿರುಗಿ ಕೂಗಿದೆ:

“ಏ, ಬಾಯಿ ಮುಚ್ಚಲೇ! ಚಾಚಾ ಎಂದಾದ್ರೂ ಹರದ ಹಾಳಿ ಬಿಟ್ಟು ಹೋಗ್ಯಾರೇನು? ಆ ಹಾಳಿ ಹರದದ್ದು ನನ್ನ ಮೊದಲನೇ ದಿನಾ. ಅಂಜಿ ಕೈ ನಡಗಾಕತ್ತಿದ್ದು. ಇವರು ಹಾಳಿ ಜೋಡಿಸಿ, ಮಶೀನ್ ಚಾಲೂ ಮಾಡಿ, ಆಮ್ಯಾಲೆ ತಮ್ಮ ಪಾಲಿನ ಚಾ ನನಗ ಕುಡಿಸಿದ್ರು. ತಾವು ನೀರು ಕುಡದು ಕುಂತ್ರು!”

ಮೈಕಿನಿಂದ ಮಾರು ದೂರ ಬಂದುಬಿಟ್ಟಿದ್ದೆ. ನಗು ನಿಂತಿತ್ತು. ಜೊತೆಗಾರ ಮೆಲ್ಲಗೆ ಕೂತ. ಬಾಯಿ ಹೇಗೂ ತೆರೆದಿತ್ತಲ್ಲ, ಬಾಯಿಪಾಠ ಮಾಡಿದ್ದೆಲ್ಲ ಬಿಟ್ಟು ಉಳಿದದ್ದನ್ನೂ ಹೇಳಿದೆ. ರಾತ್ರಿಪಾಳಿಯಲ್ಲಿ ನಾನು ತೂಕಡಿಸಿದರೆ ಭುಜಕ್ಕೆ ತಗಲುತ್ತಿದ್ದ ಅವರ ಮೊಣಕೈ, ರಮಜಾನಿನ ಉಪವಾಸದಲ್ಲೂ ನಮ್ಮ ಬುತ್ತಿ ಬಿಚ್ಚಿಸಿ ಉಂಡಿರಾ ಎಂದು ಕೇಳುತ್ತಿದ್ದ ಕಣ್ಣುಸನ್ನೆ. ಚಾಚಾನಿಗೆ ಒಂದಕ್ಷರವೂ ತಪ್ಪಬಾರದೆಂದು ಬಾಯಿಯ ಜೊತೆ ಕೈಯನ್ನೂ ಆಡಿಸುತ್ತಿದ್ದೆ. ಹೆಂಡತಿ ಸೆರಗು ಬಾಯಿಗೆ ಹಿಡಿದಿದ್ದಳು. ನಗುವೋ ಅಳುವೋ, ಕೇಳುವ ಧೈರ್ಯ ಇವತ್ತಿಗೂ ಆಗಿಲ್ಲ.

ಎಷ್ಟು ಹೊತ್ತು ಮಾತಾಡಿದೆನೋ ತಿಳಿಯದು. ಅವಲಕ್ಕಿ ಚೂಡಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತವರು ಕಾಲು ಬದಲಿಸತೊಡಗಿದ್ದರು. ಆಗ ಚಾಚಾ ಕಣ್ಣೊರೆಸಿಕೊಂಡು, ಕೈ ಎತ್ತಿ, ಹಾರದ ಮುಂದೆ ದೊಡ್ಡದೊಂದು ಸೊನ್ನೆ ಬರೆದು, ಅಂಗೈಯಿಂದ ಕಡಿದರು. ನಾನು ನೋಡಿಯೂ ನೋಡದವನಂತೆ ಇದ್ದದ್ದಕ್ಕೆ ಮಶೀನ್ ಹೌಸಿನ ದನಿಯಲ್ಲೇ ಕೂಗಿದರು:

“ಸಾಕೋ ಬೇಟಾ, ರೀಲ್ ತುಂಬೇತಿ!”

ಆದರೂ ಇನ್ನೆರಡು ಮಾತು ಆಡಿಯೇ ಕೆಳಗಿಳಿದೆ.