ಮೂತಿ ಕೆಳಗೆ ಮಾಡಿ ನಿಲ್ಲಿಸುವ ಕಾರು

1979ರ ಜೂನ್ ತಿಂಗಳಿನಿಂದ, ನನ್ನ ಹದಿನಾರನೆಯ ವಯಸ್ಸಿನಿಂದ, ನಾನು ಸೋದರಮಾವನ ಕಾರಿನ ಲೆಕ್ಕ ಇಟ್ಟಿದ್ದೇನೆ. ಉದ್ದದ ನೋಟ್‌ಬುಕ್ಕು, ಐದು ಅಂಕಣ: ತಾರೀಕು, ಹೋದ ಜಾಗ, ನಿಲ್ಲಿಸಿದ್ದು ಇಳಿಜಾರಿನಲ್ಲೋ ಸಮತಟ್ಟಿನಲ್ಲೋ, ಸ್ಟಾರ್ಟ್ ಆಗುವ ಮೊದಲು ಎಷ್ಟು ಹೆಜ್ಜೆ ಉರುಳಿತು, ದೂಡಿದವರು ಎಷ್ಟು ಮಂದಿ. ಕಾರಿನ ಮೇಲಿನ ಪ್ರೀತಿಯಿಂದ ಇಟ್ಟ ಲೆಕ್ಕ ಇದು ಎಂದು ಯಾರೂ ತಿಳಿಯಬಾರದು. ಒಂದು ದಿನ ಆ ಕಾರನ್ನು ಮನೆಯಿಂದ ಹೊರಗೆ ಹಾಕಬೇಕಾದಾಗ ಸಾಕ್ಷಿ ಬೇಕಲ್ಲ ಎಂದು ಇಟ್ಟದ್ದು.

ನಮ್ಮ ಮನೆ ದೇರೆಬೈಲಿನಲ್ಲಿ, ಗುಡ್ಡೆಯ ಓರೆಯಲ್ಲಿ. ಅಪ್ಪ ಬೊಂಬಾಯಿಯ ಹೋಟೆಲಿನಲ್ಲಿದ್ದರು, ವರ್ಷಕ್ಕೊಮ್ಮೆ ಬರುತ್ತಿದ್ದರು. ಮನೆಯಲ್ಲಿ ಅಮ್ಮ, ಅಕ್ಕ, ನಾನು ಮತ್ತು ಅಮ್ಮನ ಅಣ್ಣ. ಮಾವ ಮದುವೆಯಾಗಿರಲಿಲ್ಲ. ನಮ್ಮಲ್ಲಿ ಮನೆ ಹೆಂಗಸರದ್ದು, ಮಾತು ಸೋದರಮಾವನದ್ದು. ಗೇಣಿಯ ಗದ್ದೆಗಳೆಲ್ಲ ಗೇಣಿದಾರರ ಹೆಸರಿಗೆ ಹೋದ ಮೇಲೆ ಮಾವನಿಗೆ ಯಜಮಾನಿಕೆ ನಡೆಸಲು ಉಳಿದದ್ದು ಎರಡೇ, ನಾವು ಮತ್ತು ಕಾರು. ನಾವು ಹೇಳಿದ ಮಾತು ಕೇಳುತ್ತಿದ್ದೆವು. ಮನೆಯಲ್ಲಿ ಆಡುವುದು ತುಳು. ನನಗೆ ಬರೆಯಲು ಬರುವುದು ಶಾಲೆಯಲ್ಲಿ ಕಲಿತ ಕನ್ನಡ ಮಾತ್ರ, ಹಾಗಾಗಿ ಇಲ್ಲಿ ಎಲ್ಲರೂ ಕನ್ನಡದಲ್ಲೇ ಮಾತನಾಡುತ್ತಾರೆ.

ಕಾರು ಇಂಗ್ಲೆಂಡಿನಲ್ಲಿ ಹುಟ್ಟಿದ್ದು, ನನಗಿಂತ ಹತ್ತು ವರ್ಷ ದೊಡ್ಡದು. ಹೆಸರು ಬರೆಯುವುದಿಲ್ಲ, ಬರೆದರೂ ಯಾರಿಗೂ ಗೊತ್ತಾಗದು. ಅದೇ ಮಾವನ ಹೆಮ್ಮೆ. ಊರಿನಲ್ಲಿ ಸಾಮಾನ್ಯವಾಗಿ ಕಾಣುತ್ತಿದ್ದ ಎರಡು ಜಾತಿಯ ಕಾರುಗಳನ್ನು ಅವರು ಕಾರೆಂದೇ ಒಪ್ಪುತ್ತಿರಲಿಲ್ಲ. ಚಂದದ ದೊಡ್ಡ ಹಳೆಯ ಕಾರುಗಳೂ ಅವರಿಗೆ ಬೇಡ, ಅವುಗಳನ್ನು ಮೆಚ್ಚುವವರು ಬೇರೆ ಇದ್ದಾರಂತೆ. ಯಾರೂ ತಿರುಗಿ ನೋಡದ, ಬಿಡಿಭಾಗ ಸಿಗದ, ಮಾಡಿದವರೇ ಮರೆತುಬಿಟ್ಟ ಕಾರು ಬೇಕು. ಅದಕ್ಕೆ ಮುಂದೆ ಮರ್ಯಾದೆ ಬರುತ್ತದೆ ಎಂಬುದು ಅವರ ಸಿದ್ಧಾಂತ. ಯಾವಾಗ ಎಂದು ನಾನು ಮೂರು ಸಲ ಕೇಳಿದ್ದೇನೆ. ಮೂರು ಸಲವೂ "ನೋಡ್ತಾ ಇರು" ಎಂದರು.

ಈ ಸಿದ್ಧಾಂತಕ್ಕೆ ಊರಿನಲ್ಲಿ ಇನ್ನೊಬ್ಬ ಅನುಯಾಯಿ ಇದ್ದರು. ಅರ್ಚಕರ ಮನೆತನದವರು, ಬ್ಯಾಂಕಿನಲ್ಲಿ ಗುಮಾಸ್ತೆ. ಅವರದೂ ಅಂಥದೇ ಒಂದು ಕಾರು ನಾಲ್ಕು ಕೆಂಪುಕಲ್ಲುಗಳ ಮೇಲೆ ಚಕ್ರವಿಲ್ಲದೆ ನಿಂತಿತ್ತು. ಚಲಿಸದ ಕಾರು ಕೆಡುವುದಿಲ್ಲ ಎಂದು ಅವರು ಅದನ್ನು ಮಾವನದಕ್ಕಿಂತ ಮೇಲಿನದೆಂದು ಎಣಿಸಿದ್ದರು. ಪ್ರತಿ ಆದಿತ್ಯವಾರ ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯ ಗಂಧ ಒಣಗುವ ಮೊದಲೇ ನಮ್ಮಲ್ಲಿಗೆ ಬರುತ್ತಿದ್ದರು. ಇಬ್ಬರೂ ಬಾನೆಟ್ ಎತ್ತಿ, ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ಸರಾಸರಿ ನಲವತ್ತು ನಿಮಿಷ. ಏನನ್ನೂ ಮುಟ್ಟುತ್ತಿರಲಿಲ್ಲ.

"ಮೊನ್ನೆ ಹೋಗುವಾಗ ಇದರ ಸೌಂಡ್ ಕೇಳಿದ್ರಾ ಮಾರ್ರೆ? ಈಗಿನ ಯಾವ ಗಾಡಿಗೆ ಉಂಟು?"

"ಈಗಿನದ್ದು ಗಾಡಿಯಾ? ಡಬ್ಬ."

ಅಷ್ಟರಲ್ಲಿ ಅಮ್ಮ ಕಾಫಿ ತಂದು, "ಅಣ್ಣ, ಅಕ್ಕಿ ಮಿಲ್ಲಿಗೆ ಹೋಗ್ಬೇಕಿತ್ತು" ಎನ್ನುತ್ತಿದ್ದರು. ಮಾವ "ಮಿಲ್ಲಿನ ಎದುರು ಸಮತಟ್ಟು, ಗೊತ್ತಿಲ್ವಾ ನಿಂಗೆ?" ಎನ್ನುತ್ತಿದ್ದರು. ಅಮ್ಮ ಬಸ್ಸಿನಲ್ಲಿ ಹೋಗುತ್ತಿದ್ದರು.

ಸಮತಟ್ಟಿನ ಸಂಗತಿ ಹೀಗೆ. ಕಾರಿನ ಸ್ಟಾರ್ಟರ್ ನಾನು ಲೆಕ್ಕ ಶುರುಮಾಡುವ ಮೊದಲೇ ಸತ್ತಿತ್ತು. ಬೇರೆ ಕಾರಿನ ಸ್ಟಾರ್ಟರನ್ನು ಸ್ವಲ್ಪ ತಿದ್ದಿ ಕೂರಿಸಿ ಕೊಡುತ್ತೇನೆ ಎಂದು ಮೆಕ್ಯಾನಿಕ್ ಹೇಳಿದಾಗ ಮಾವ, "ಬೇರೆಯವರ ಹೃದಯ ಹಾಕಿದ ಮೇಲೆ ಅದು ನನ್ನ ಕಾರಾ?" ಎಂದು ಎದ್ದು ಬಂದಿದ್ದರು. ಎದುರಿನಿಂದ ಹ್ಯಾಂಡಲ್ ಹಾಕಿ ತಿರುಗಿಸುವ ಉಪಾಯವೂ ಇತ್ತು. ಒಮ್ಮೆ ಹ್ಯಾಂಡಲ್ ಹಿಂದಕ್ಕೆ ಹೊಡೆದು ಮಾವನ ಮಣಿಕಟ್ಟು ಊದಿತು, ಅಂದಿನಿಂದ ಅದು ಅಟ್ಟದ ಮೇಲಿದೆ. ಉಳಿದದ್ದು ಇಳಿಜಾರು. ಕಾರನ್ನು ಯಾವಾಗಲೂ ಏರಿನಲ್ಲಿ, ಮೂತಿ ಕೆಳಗೆ ಮಾಡಿ ನಿಲ್ಲಿಸಬೇಕು. ಚಕ್ರಕ್ಕೆ ಒಂದು ಕೆಂಪುಕಲ್ಲು ಅಡ್ಡ ಕೊಡಬೇಕು. ಹೊರಡುವಾಗ ಕಲ್ಲು ತೆಗೆದರೆ ಕಾರು ತಾನೇ ಉರುಳುತ್ತದೆ, ಉರುಳಿದ ರಭಸಕ್ಕೆ ಮಾವ ಗಿಯರ್ ಹಾಕಿ ಕ್ಲಚ್ ಬಿಟ್ಟರೆ ಇಂಜಿನು ಎದ್ದುಕೊಳ್ಳುತ್ತದೆ. ಕಲ್ಲು ತೆಗೆದು, ಓಡಿಬಂದು ಹತ್ತುವ ಕೆಲಸ ನನ್ನದು. ಅಕ್ಕ ಶಾಲೆಯಲ್ಲಿ ಟೀಚರು, ಅವಳಿಗೆ ಸೀರೆ. ನನಗೆ ಲಂಗ.

ಮಂಗಳೂರಿನಲ್ಲಿ ಇಳಿಜಾರಿಗೆ ಬರವಿಲ್ಲ. ಆದರೆ ಮನುಷ್ಯನ ಬದುಕು ಪೂರ್ತಿ ಇಳಿಜಾರಿನಲ್ಲೇ ಸಿಗುವುದಿಲ್ಲ. ಮಾವ ಸಿಗುವಷ್ಟರಲ್ಲೇ ಬದುಕಿದರು. ಕ್ಷೌರಕ್ಕೆ ದೇರೆಬೈಲ್ ಬಿಟ್ಟು ಬಿಕರ್ನಕಟ್ಟೆಗೆ ಹೋಗುತ್ತಿದ್ದರು, ಅಲ್ಲಿನ ಸೆಲೂನಿನ ಎದುರು ರಸ್ತೆ ಓರೆಯಾಗಿದೆ ಎಂದು. ಹಲ್ಲಿನ ಡಾಕ್ಟರನ್ನು ಬದಲಿಸಿದರು. ಇಬ್ಬರು ಹಳೆಯ ಗೆಳೆಯರು ಗುಡ್ಡೆಯಿಂದ ಕೆಳಗೆ ಮನೆ ಕಟ್ಟಿಸಿಕೊಂಡರು, ಅವರೊಂದಿಗೆ ಮಾತು ತಾನಾಗಿ ನಿಂತಿತು. ಇದನ್ನೆಲ್ಲ ಮಾವ ಯಾರಿಗೂ ಹೇಳಿದವರಲ್ಲ. ನೋಟ್‌ಬುಕ್ಕಿನ ಮೂರನೆಯ ಅಂಕಣ ಹೇಳಿತು.

1981ರ ಕೊನೆಗೆ ಅಕ್ಕನಿಗೆ ವಾಮಂಜೂರಿನಿಂದ ಒಂದು ಸಂಬಂಧ ಬಂತು. ಹುಡುಗನಿಗೆ ನೀರೆತ್ತುವ ಪಂಪುಗಳ ಅಂಗಡಿ, ಮನೆ ಗದ್ದೆಯ ನಡುವೆ. ಅಕ್ಕ ಅದಕ್ಕಿಂತ ಮೊದಲು ನಾಲ್ಕು ಮಂದಿಯನ್ನು ಬೇಡ ಎಂದಿದ್ದಳು. ಈ ಹುಡುಗ ಬಂದು ಹೋದ ಸಂಜೆ ಅಮ್ಮ ಕೇಳಿದಾಗ, ಬಟ್ಟೆ ಮಡಚುತ್ತಿದ್ದವಳು ತಲೆ ಎತ್ತದೆ "ಆಗ್ಬಹುದು" ಎಂದಳು. ಅಕ್ಕನ ಮಟ್ಟಿಗೆ ಅದು ದೊಡ್ಡ ಭಾಷಣ. ಮತ್ತೆ ಉಳಿದದ್ದು ನಮ್ಮ ಕಡೆಯವರು ಹೋಗಿ ಅವರ ಮನೆ ನೋಡುವುದು, ಮಾವ ಒಪ್ಪಿಗೆ ಕೊಡುವುದು. ಮಾವನ ಒಪ್ಪಿಗೆ ಇಲ್ಲದೆ ನಮ್ಮಲ್ಲಿ ಮದುವೆ ಇಲ್ಲ.

ಜನವರಿಯ ಮೂರನೆಯ ಆದಿತ್ಯವಾರ ಮಾವ, ಅಮ್ಮ ಮತ್ತು ನಾನು ಹೊರಟೆವು. ನಾನು ಹೋದದ್ದು ಕಲ್ಲಿನ ಸಲುವಾಗಿ. ಬಿಕರ್ನಕಟ್ಟೆಯವರೆಗೆ ಮಾವ ಹಾಡು ಗುನುಗುತ್ತಿದ್ದರು. ವಾಮಂಜೂರು ದಾಟಿ ಗದ್ದೆಯ ದಾರಿಗೆ ಇಳಿದ ಮೇಲೆ ಗುನುಗುವುದು ನಿಂತಿತು. ಎದುರಿಗೆ ಕೊಯ್ಲಾದ ಗದ್ದೆ, ಅದರಾಚೆ ಮನೆ, ಅಂಗಳ. ಎಲ್ಲ ಒಂದೇ ಮಟ್ಟ. ಮಾವ ಅಂಗಳದಲ್ಲಿ ಎರಡು ಸುತ್ತು ಹಾಕಿದರು. ಹುಡುಗನ ಮನೆಯವರು ಅದನ್ನು ಗೌರವದ ಪ್ರದಕ್ಷಿಣೆ ಎಂದು ತಿಳಿದಿರಬೇಕು, ಕೈಮುಗಿದು ನಿಂತಿದ್ದರು. ಮಾವ ಹುಡುಕುತ್ತಿದ್ದುದು ಓರೆಯನ್ನು.

ಮನೆ ಚೆನ್ನಾಗಿತ್ತು, ಜನ ಚೆನ್ನಾಗಿದ್ದರು. ಕೋರಿರೊಟ್ಟಿ ತಿಂದು ಹೊರಟಾಗ ಕಾರು ಹೊರಡಲಿಲ್ಲ. ಹುಡುಗ ಬಿಳಿ ಮುಂಡು ಮೇಲೆ ಕಟ್ಟಿ ದೂಡಿದ, ಅವನ ಅಪ್ಪ ದೂಡಿದರು, ನಾನು ದೂಡಿದೆ, ಹೊಸ ರೇಷ್ಮೆ ಸೀರೆಯ ಅಮ್ಮನೂ ಕೈ ಹಚ್ಚಿದರು. ನಾಲ್ಕು ಮಂದಿ, ನೂರಾ ಹತ್ತು ಹೆಜ್ಜೆ. ಇಂಜಿನು ಎದ್ದ ಕ್ಷಣ ಹುಡುಗನ ಮುಂಡಿನ ಮೇಲೆ ಕಪ್ಪು ಹೊಗೆ ಉಗುಳಿತು. ಹುಡುಗನ ಅಪ್ಪ ಏದುಸಿರು ಬಿಡುತ್ತಾ, ನಗುತ್ತಲೇ ಹೇಳಿದರು:

"ಇದನ್ನು ಗುಜರಿಗೆ ಹಾಕಿ ಮಾರ್ರೆ! ನಿಮ್ಮ ಸ್ಥಾನಮಾನಕ್ಕೆ ಇದು ಎಂತಕ್ಕೆ?"

ಮಾವ ನಮ್ಮನ್ನು ಹತ್ತಿಸಿಕೊಂಡು ಹೊರಟರು. ಮನೆಗೆ ಬಂದು, ಕಾರನ್ನು ಅದರ ಏರಿನಲ್ಲಿ ನಿಲ್ಲಿಸಿ, ಕಲ್ಲನ್ನು ತಾವೇ ಇಟ್ಟು, ಜಗಲಿಯಲ್ಲಿ ಕೂತು ಹೇಳಿದರು: "ತಂಗಿ, ಆ ಸಂಬಂಧ ಬೇಡ."

"ಎಂತಕ್ಕೆ ಅಣ್ಣ? ಎಂತ ಕಮ್ಮಿ ಉಂಟು?"

"ಹಳೆಯದಕ್ಕೆ ಮರ್ಯಾದೆ ಕೊಡ್ಲಿಕ್ಕೆ ಗೊತ್ತಿಲ್ಲದ ಜನ. ನಾಳೆ ನಮ್ಮ ಹುಡುಗಿಗೆ ವಯಸ್ಸಾಗುವುದಿಲ್ವಾ?"

ಅಕ್ಕ ಬಾಗಿಲಲ್ಲಿ ನಿಂತಿದ್ದಳು, ಒಳಗೆ ಹೋದಳು. ನಾನು ಒಳಗಿನಿಂದ ನೋಟ್‌ಬುಕ್ಕು ತಂದೆ. ಎರಡೂವರೆ ವರ್ಷ ಕಾದದ್ದು ಇದೇ ದಿನಕ್ಕೆ. ನಿಂತುಕೊಂಡೇ ಓದಿದೆ: ಒಟ್ಟು ಹೋದದ್ದು ಇನ್ನೂರ ಹನ್ನೆರಡು ಸಲ. ಇಳಿಜಾರಿನಲ್ಲಿ ನಿಲ್ಲಿಸಿದ್ದು ನೂರಾ ಎಪ್ಪತ್ತೊಂದು, ಅದರಲ್ಲಿ ದೂಡಿದ್ದು ಆರು. ಸಮತಟ್ಟಿನಲ್ಲಿ ನಿಲ್ಲಿಸಿದ್ದು ನಲವತ್ತೊಂದು, ದೂಡಿದ್ದು ಮೂವತ್ತೆಂಟು, ಉಳಿದ ಮೂರು ಸಲ ಇಂಜಿನು ಆರಿಸಿಯೇ ಇರಲಿಲ್ಲ. "ನಿಮಗೆ ಬೇಡದ್ದು ಆ ಮನೆಯವರಲ್ಲ ಮಾವ, ಅವರ ಅಂಗಳ" ಎಂದೆ.

ಅಮ್ಮ ಬಾಯಿಗೆ ಸೆರಗು ಹಿಡಿದರು. ಮಾವ ಕೈ ಚಾಚಿ ಪುಸ್ತಕ ತೆಗೆದುಕೊಂಡರು, ಕನ್ನಡಕ ಹಾಕಿ ಪುಟ ಪುಟವಾಗಿ ನೋಡಿದರು. ಬೈಗುಳಕ್ಕೆ ನಾನು ತಯಾರಾಗಿದ್ದೆ.

"ಕದ್ರಿಯಲ್ಲಿ ದೂಡಿದ್ದು ಇಬ್ಬರಲ್ಲ ಮಗಾ, ಒಬ್ಬ. ಇನ್ನೊಬ್ಬ ಬರೀ ಮುಟ್ಟಿದ್ದು."

ಅಲ್ಲೇ ಬಗ್ಗಿ ತಿದ್ದಿಕೊಂಡೆ. ಮಾವ ಪುಸ್ತಕ ವಾಪಸು ಕೊಟ್ಟು, "ಉಳಿದ ಲೆಕ್ಕ ಸರಿ ಉಂಟು. ಸಂಬಂಧ ಬೇಡ" ಎಂದು ಸ್ನಾನಕ್ಕೆ ಹೋದರು. ಒಬ್ಬ ಮನುಷ್ಯನನ್ನು ಅವನದೇ ಲೆಕ್ಕ ತೋರಿಸಿ ಬದಲಾಯಿಸಬಹುದು ಎಂದು ಆ ದಿನದವರೆಗೆ ನಾನು ನಂಬಿದ್ದೆ.

ಮಾರನೆಯ ದಿನ ನೋಟ್‌ಬುಕ್ಕು ನನ್ನ ಮೇಜಿನ ಮೇಲೆ ಇರಲಿಲ್ಲ. ಅಕ್ಕನ ಶಾಲೆಯ ಚೀಲದಲ್ಲಿತ್ತು. ಎರಡು ದಿನ ಇಟ್ಟುಕೊಂಡು ಹಿಂದೆ ಕೊಟ್ಟಳು. ಕಣ್ಣು ಕೆಂಪಾಗಿತ್ತು, ಬೆರಳಲ್ಲಿ ಶಾಯಿ ಇತ್ತು. ಪುಸ್ತಕ ಎಂತಕ್ಕೆ ಬೇಕಿತ್ತು ಎಂದು ಕೇಳಿದೆ.

"ಅವರಿಗೆ ಬರೆದೆ. ಕಾರಣ ಗೊತ್ತಾಗದೆ ಬೇಡ ಅಂದ್ರೆ ಪಾಪ ಅವರು ಎಂತ ತಿಳ್ಕೊಳ್ಳುವುದು? ನಿನ್ನ ಪುಸ್ತಕದ್ದೆಲ್ಲ ಕಾಪಿ ಮಾಡಿ ಕಳ್ಸಿದೆ."

"ಎಲ್ಲ? ಹೆಜ್ಜೆಯದ್ದೂ?"

"ಹೆಜ್ಜೆಯದ್ದೂ."

ಮಾವನನ್ನು ನೆನೆದು ಇಡೀ ವಾಮಂಜೂರು ನಗಲಿ ಎಂದು ನಾನು ಒಳಗೊಳಗೆ ಖುಷಿಪಟ್ಟೆ.

ಮೂರು ವಾರ ಏನೂ ಆಗಲಿಲ್ಲ. ನಾಲ್ಕನೆಯ ಆದಿತ್ಯವಾರ, ಬ್ಯಾಂಕಿನವರು ಮತ್ತು ಮಾವ ಬಾನೆಟ್ ಎತ್ತಿ ನಿಂತಿದ್ದಾಗ, ಆ ಹುಡುಗ ಬಸ್ಸಿಳಿದು ನಡೆದು ಬಂದ. ಕೈಮುಗಿದ. ಅವರ ಪಕ್ಕದಲ್ಲಿ ನಿಂತು, ಕೈಗಳನ್ನು ಹಿಂದೆ ಕಟ್ಟಿಕೊಂಡು, ಅವನೂ ಇಂಜಿನು ನೋಡಿದ. ನಾನು ಗಡಿಯಾರ ನೋಡಿದೆ, ಹದಿನೆಂಟು ನಿಮಿಷ. ಆಮೇಲೆ ಹೇಳಿದ:

"ಬಿಕರ್ನಕಟ್ಟೆ ಸೆಲೂನಿನ ಎದುರು ಒಂಬತ್ತೇ ಹೆಜ್ಜೆಗೆ ಎದ್ದದ್ದು ಉಂಟಂತೆ ಇದು. ಅದಕ್ಕಿಂತ ಕಮ್ಮಿಯದ್ದು ಲೆಕ್ಕದಲ್ಲಿ ಇಲ್ಲ. ನಾನು ಹೋಗಿ ಅಲ್ಲಿಯ ಓರೆ ಅಳೆದೆ, ಮೇಸ್ತ್ರಿಗಳು ಮಟ್ಟ ನೋಡುವ ನೀರಿನ ಟ್ಯೂಬ್ ಹಿಡಿದು. ಅಷ್ಟೇ ಓರೆಗೆ ನಮ್ಮ ಅಂಗಳದ ಬದಿಯಲ್ಲಿ ಮಣ್ಣು ಹಾಕಿ ಒಂದು ದಿಬ್ಬ ಮಾಡಿದ್ದೇನೆ. ಹದಿನೈದು ಹೆಜ್ಜೆ ಉದ್ದ. ಒಮ್ಮೆ ಬಂದು ನೋಡ್ಬೇಕು ನೀವು."

ಮಾವ ಬ್ಯಾಂಕಿನವರ ಮುಖ ನೋಡಿದರು. ಬ್ಯಾಂಕಿನವರು, "ಮಣ್ಣು ಮಳೆಗೆ ಜಾರುವುದಿಲ್ವಾ ಮಾರಾಯ?" ಎಂದರು.

"ಕೆಂಪುಕಲ್ಲು ಹಾಸ್ತೇನೆ."

"ಸ್ಟಾರ್ಟರ್ ಹಾಕಿಸ್ಲಿಕ್ಕೆ ಹೇಳುವುದಿಲ್ವಾ ನೀವು?" ಎಂದು ನಾನು ಜಗಲಿಯಿಂದಲೇ ಕೇಳಿದೆ. ಪಂಪು ರಿಪೇರಿ ಮಾಡುವವನಾದರೂ ಒಂದು ಬುದ್ಧಿಯ ಮಾತು ಆಡಿಯಾನು ಎಂಬ ಆಸೆ.

ಹುಡುಗ ನನ್ನ ಕಡೆ ನೋಡಿ, ಮೆಲ್ಲಗೆ, "ಬೇರೆಯದ್ದು ಹಾಕಿದ್ರೆ ಅದು ಈ ಕಾರು ಅಲ್ವಲ್ಲ" ಎಂದ.

ಮಾವ ಬಾನೆಟ್ ಮುಚ್ಚಿದರು. ಮದುವೆ ನಿಶ್ಚಯವಾದದ್ದು ಆ ಶಬ್ದದಲ್ಲಿ ಎಂದು ಅಮ್ಮ ಈಗಲೂ ಹೇಳುತ್ತಾರೆ. ಒಂದು ಸ್ಟಾರ್ಟರ್ ಹಾಕಿಸುವ ಬದಲು ಎರಡು ಮನೆಯವರು ಸೇರಿ ಭೂಮಿಯ ಆಕಾರವನ್ನೇ ಬದಲಿಸಿದರು ಎಂದು ನಾನು ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದೆ. ಅದನ್ನು ಅಳಿಸುವ ಕಾರಣ ನನಗೆ ಇವತ್ತಿಗೂ ಸಿಕ್ಕಿಲ್ಲ. ಅಕ್ಕ ಆ ಮೂರು ವಾರ ಬೆಳಿಗ್ಗೆ ಅಂಚೆಯವನ ಗಂಟೆಗೆ ಹೇಗೆ ಎದ್ದು ನಿಲ್ಲುತ್ತಿದ್ದಳು ಎಂಬುದನ್ನೂ ಬರೆದಿದ್ದೇನೆ, ಅದೂ ಹಾಗೇ ಇದೆ.

ಮದುವೆಗೆ ಮೊದಲು ದಿಬ್ಬದ ಪರೀಕ್ಷೆಗೆಂದು ಮಾವ ಮತ್ತು ನಾನು ವಾಮಂಜೂರಿಗೆ ಹೋದೆವು. ಮಾವ ಕಾರನ್ನು ಹಿಂದೆ ಹಿಂದೆ ಏರಿಸಿ, ಮೂತಿ ಗದ್ದೆಯ ಕಡೆಗೆ ಮಾಡಿ ನಿಲ್ಲಿಸಿದರು. ನಾನು ಕಲ್ಲು ಇಟ್ಟೆ. ಊಟವಾಯಿತು. ಹೊರಡುವಾಗ ನಾನು ಲಂಗ ಎತ್ತಿ ಕಟ್ಟಿ ಚಕ್ರದ ಹತ್ತಿರ ಹೋಗುವಷ್ಟರಲ್ಲಿ ಅಲ್ಲಿ ಒಬ್ಬರು ಕುಕ್ಕರಗಾಲಲ್ಲಿ ಕೂತಿದ್ದರು. ಗುಜರಿಗೆ ಹಾಕಿ ಎಂದಿದ್ದ ಹುಡುಗನ ಅಪ್ಪ.

"ನೀನು ಹತ್ತು ಮಗಾ, ಕಲ್ಲು ನಾನು ತೆಗೀತೇನೆ" ಎಂದರು. ಆಮೇಲೆ ಮಾವನ ಕಿಟಕಿಯ ಕಡೆ ಕತ್ತೆತ್ತಿ, ಬಹಳ ಗಂಭೀರವಾಗಿ ಕೇಳಿದರು: "ಈಗ ತೆಗೆಯುವುದಾ?"

"ಈಗ" ಎಂದರು ಮಾವ.

ಏಳು ಹೆಜ್ಜೆ. ಅದಕ್ಕಿಂತ ಕಡಿಮೆಯದು ನನ್ನ ಲೆಕ್ಕದಲ್ಲಿ ಅದುವರೆಗೆ ಇರಲಿಲ್ಲ. ಮಾವ ದಾರಿಯುದ್ದಕ್ಕೂ ಹಾಡು ಗುನುಗಿದರು. ನನಗೆ ಮನೆಗೆ ಬಂದು ಆರನೆಯ ಅಂಕಣ ಎಳೆಯಬೇಕಾಯಿತು, ಕಲ್ಲು ತೆಗೆದವರು ಯಾರು ಎಂದು. ಅದರ ಅಗತ್ಯ ಅದಕ್ಕಿಂತ ಮೊದಲು ಬಿದ್ದಿರಲಿಲ್ಲ.