ಪ್ಯಾಡ್ ಹಿಡಿಯಲು ಬಂದ ಅತ್ತಿಗೆ

ಹಗಲೆಲ್ಲ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಕೆಲಸ, ಸಂಜೆಯಾದರೆ ಹಾಸಿಗೆ ಅಂಗಡಿಯ ಮಹಡಿಯ ಮೇಲೆ ಕರಾಟೆ ಕಲಿಸುವ ಕ್ಲಾಸು. ಇಪ್ಪತ್ತು ವರ್ಷದಿಂದ ಅವಳ ಬದುಕು ಇದೇ. ಹಾರಿ, ಗಿರಕ್ಕನೆ ಸುತ್ತಿ ಒದೆಯುವುದರಲ್ಲಿ ಅವಳದು ಎತ್ತಿದ ಕೈ. ಎತ್ತಿದ ಕಾಲು ಅಂದರೂ ಸರಿಯೇ. ಅದಕ್ಕೇ ಅಣ್ಣ ಅವಳನ್ನು ‘ಬುಗುರಿ’ ಎಂದು ಕರೆದ. ಕ್ಲಾಸಿನವರಿಗೂ ಅವಳು ಬುಗುರಿ ಅಕ್ಕನೇ.

ಅಣ್ಣ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವನಿಗೆ ಒಂದು ಗೇಣು ಹಾರಲೂ ಬರುತ್ತಿರಲಿಲ್ಲ. ಆದರೆ ತಂಗಿ ಎಲ್ಲಿ ಎಡವುತ್ತಾಳೆಂದು ಕಂಡುಹಿಡಿಯುವ ಕಣ್ಣಿತ್ತು. “ಕಾಲಿನ ಚಿಂತೆ ಬಿಡು, ಮೊದಲು ತಲೆ ತಿರುಗಿಸು. ಕಾಣದೆ ಒದ್ದರೆ ಗೋಡೆಗೆ ಬೀಳುತ್ತೆ ಏಟು” ಎನ್ನುತ್ತಿದ್ದ. ಭುಜದ ಮೇಲಿಂದ ಗುರಿ ಕಾಣಬೇಕು. ಆಮೇಲೆ ಸೊಂಟ ತಿರುಗಬೇಕು, ಮೊಣಕಾಲು ಎದೆಗೆ ಬರಬೇಕು, ಹಿಮ್ಮಡಿ ಚಿಮ್ಮುವುದು ಎಲ್ಲಕ್ಕಿಂತ ಕೊನೆಗೆ. ವಾರಕ್ಕೆರಡು ಸಲ ಅವನು ಗ್ರೀಸಿನ ಕೈ ತೊಳೆದುಕೊಂಡು ಬಂದು, ಅವಳ ಒದೆ ತಡೆಯುವ ದಪ್ಪ ಪ್ಯಾಡನ್ನು ಎದೆಗವಚಿ ನಿಲ್ಲುತ್ತಿದ್ದ.

ಕೆಲವು ತಿಂಗಳ ಹಿಂದೆ ಡಿಪೋದಲ್ಲಿ ಬಸ್ಸಿನ ಕೆಳಗಿಂದ ಎದ್ದು ಬಂದವನು ಬೆಂಚಿನ ಮೇಲೆ ಕೂತ. ಮತ್ತೆ ಏಳಲಿಲ್ಲ.

ಅವಳಿಗೆ ಅಳು ಬರಲಿಲ್ಲ. ಮನೆ ತುಂಬ ಜನ ಬಿಕ್ಕುವಾಗ ಅವಳು ಲೋಟ ತೊಳೆಯುತ್ತಿದ್ದಳು. ತೊಳೆದವನ್ನೇ ಮತ್ತೆ ತೊಳೆದಳು. ಐದನೇ ದಿನ ಕೆಲಸಕ್ಕೆ ಹೋದಳು. ಯಾರು ಏನು ಹೇಳಿದರೂ ಪಕ್ಕದ ಮನೆಯ ರೇಡಿಯೋ ಹಾಗೆ ಕೇಳುತ್ತಿತ್ತು. ಕ್ಲಾಸಿನಲ್ಲಿ ಎಲ್ಲವನ್ನೂ ಕಲಿಸಿದಳು, ಸುತ್ತಿ ಒದೆಯುವುದೊಂದನ್ನು ಬಿಟ್ಟು. ಕೇಳಿದವರಿಗೆ ಮೊಣಕಾಲು ನೋವೆಂದಳು. ನೋವೂ ಇರಲಿಲ್ಲ, ಏನೂ ಇರಲಿಲ್ಲ.

ಒಂದು ಮಂಗಳವಾರ ಅತ್ತಿಗೆ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಇಷ್ಟು ವರ್ಷದಲ್ಲಿ ಒಮ್ಮೆಯೂ ಆ ಕಡೆ ತಲೆ ಹಾಕಿದವರಲ್ಲ. ಕಂಕುಳಲ್ಲಿ ಪ್ಯಾಡಿತ್ತು, ಹೊಲಿಗೆ ಬಿಟ್ಟಿದೆಯೆಂದು ಅಣ್ಣ ಮನೆಗೆ ಒಯ್ದದ್ದು.

“ಹೊಲಿದಿದೀನಿ. ಗಟ್ಟಿ ಇದೆಯಾ ನೋಡು.”

“ಅಲ್ಲಿಡಿ ಅತ್ತಿಗೆ.”

“ಇಟ್ಟರೆ ಹೇಗೆ ಗೊತ್ತಾಗುತ್ತೆ? ಒದಿ, ನಾನು ಹಿಡೀತೀನಿ.”

“ಬೇಡ, ಬಿದ್ದುಬಿಡ್ತೀರ.”

“ಬಿದ್ದರೆ ಎದ್ದೇಳ್ತೀನಿ. ಇಪ್ಪತ್ತು ವರ್ಷ ಭುಜ ನೋವು ಅಂತ ನನ್ನ ಕೈಲಿ ಎಣ್ಣೆ ತಿಕ್ಕಿಸ್ಕೊಂಡ್ರು ಅವರು. ಅದೇನು ಅಂಥಾ ಏಟು ಅಂತ ನನಗೂ ಗೊತ್ತಾಗಲಿ.”

ಕ್ಲಾಸಿನವರು ಚಾಪೆ ಬಿಟ್ಟು ಗೋಡೆಗೆ ಸರಿದರು. ಅವಳು ಅತ್ತಿಗೆಯ ಒಂದು ಕಾಲನ್ನು ಹಿಂದಕ್ಕಿಡಿಸಿದಳು, ಮೊಣಕಾಲು ಬಗ್ಗಿಸಿದಳು, ಮುಖ ಪಕ್ಕಕ್ಕೆ ತಿರುಗಿಸಿದಳು. “ಏಟು ಬೀಳುವಾಗ ಉಸಿರು ಬಿಡಿ” ಎಂದು ಎರಡು ಹೆಜ್ಜೆ ಹಿಂದೆ ಸರಿದಳು. ಮೊದಲು ತಲೆ ತಿರುಗಿಸಿದಳು. ಹಾರಿದಳು.

ಅತ್ತಿಗೆ ನಾಲ್ಕು ಹೆಜ್ಜೆ ತತ್ತರಿಸಿ ಧೊಪ್ಪನೆ ಚಾಪೆಯ ಮೇಲೆ ಕೂತರು. “ಅಯ್ಯಯ್ಯೋ! ಇಷ್ಟು ಜೋರಾ? ಇಷ್ಟು ಅಂತ ಒಂದು ದಿನಾನೂ ಬಾಯಿ ಬಿಡಲಿಲ್ವಲ್ಲೇ ಆ ಮನುಷ್ಯ!” ಎಂದು ನಕ್ಕರು. ನಗುನಗುತ್ತಲೇ ಅತ್ತರು.

ಬುಗುರಿ ಪಕ್ಕದಲ್ಲಿ ಕೂತು ಅವರ ಬೆನ್ನ ಮೇಲೆ ಕೈಯಿಟ್ಟಳು. ಆಗಲೂ ಅವಳಿಗೆ ಅಳು ಬರಲಿಲ್ಲ. ಕೈಯನ್ನು ಮಾತ್ರ ತೆಗೆಯಲಿಲ್ಲ.

ಈಗ ಅತ್ತಿಗೆ ಪ್ರತಿ ಮಂಗಳವಾರ ಬರುತ್ತಾರೆ, ಹೊಸಬರಿಗೆ ಪ್ಯಾಡು ಹಿಡಿಯುತ್ತಾರೆ, “ಇದೇನು ಒದೆತಾನಾ, ಕಚಗುಳಿನಾ?” ಎಂದು ರೇಗಿಸುತ್ತಾರೆ. ಕ್ಲಾಸು ಮುಗಿದ ಮೇಲೆ ಇಬ್ಬರೂ ಚಾಪೆ ಸುತ್ತಿಟ್ಟು, ಬಸ್ ಸ್ಟಾಪಿನವರೆಗೆ ಜೊತೆಯಲ್ಲಿ ನಡೆಯುತ್ತಾರೆ. ಅಣ್ಣನ ಮಾತನ್ನು ಇಬ್ಬರೂ ಎತ್ತುವುದಿಲ್ಲ.